ಪಿಲ್ಲಗುಂಪೆಯಲ್ಲಿ ತಾಲೀಮು, ಲಡಾಖ್‌ನಲ್ಲಿ ಪರೀಕ್ಷೆ: ಸ್ವಾವಲಂಬಿ ಸೈಕಲ್ ಯಾನಕ್ಕೆ ಸಿದ್ಧತೆ ಹೇಗೆ?

ಹೊಸಕೋಟೆ: ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದ ಬಳಿ ಸೈಕಲ್ ಚೈನು ತುಂಡಾದರೆ ಅದು ಹೆಚ್ಚೆಂದರೆ ಒಂದು ಗಂಟೆಯ ತೊಂದರೆ. ಅಂಗಡಿಗಳು ಸಮೀಪದಲ್ಲಿವೆ, ಮೊಬೈಲ್ ಸಂಪರ್ಕವಿದೆ, ಏನೂ ಇಲ್ಲದಿದ್ದರೆ ಸೈಕಲ್ಲನ್ನು ಏರಿಸಿಕೊಳ್ಳಲು ಲಗೇಜ್ ಆಟೋ ಸಿಗುತ್ತದೆ. ಅದೇ ಚೈನು ಮನಾಲಿ-ಲೇಹ್ ಹೆದ್ದಾರಿಯಲ್ಲಿ, ಸರ್ಚು ಮತ್ತು ಪಾಂಗ್ ನಡುವೆ, ಸಮುದ್ರಮಟ್ಟದಿಂದ 4,500 ಮೀಟರ್ ಎತ್ತರದಲ್ಲಿ ತುಂಡಾದರೆ ಸವಾರನಿಗೆ ಆಸರೆಯಾಗುವುದು ಅವನ ಚೀಲದಲ್ಲಿರುವ ಸಲಕರಣೆ ಮತ್ತು ಅದನ್ನು ಬಳಸಬಲ್ಲ ಅವನ ಕೈಗಳು ಮಾತ್ರ.

ದುರ್ಗಮ ಪ್ರದೇಶಗಳಲ್ಲಿ ಸ್ವಾವಲಂಬಿ ಮೌಂಟನ್ ಬೈಕ್ ಯಾನ ಕೈಗೊಳ್ಳುವವರು ಅರಿಯಬೇಕಾದ ಮೊದಲ ಸಂಗತಿ ಇದೇ. ಸಿದ್ಧತೆಯ ಬಹುಪಾಲನ್ನು ಊರಿನ ಸಮೀಪದಲ್ಲೇ ಪರೀಕ್ಷಿಸಿಕೊಳ್ಳಬಹುದು. ಒಂದು ಭಾಗವನ್ನು ಮಾತ್ರ ಎಷ್ಟು ತಾಲೀಮು ಮಾಡಿದರೂ ಇಲ್ಲಿ ಕಲಿಯಲಾಗದು. ಇವೆರಡರ ವ್ಯತ್ಯಾಸ ತಿಳಿಯದವರೇ ಹೆಚ್ಚಾಗಿ ಅಪಾಯಕ್ಕೆ ಸಿಲುಕುತ್ತಾರೆ.

ಸ್ವಾವಲಂಬನೆ ಎಂದರೇನು?

2008ರಲ್ಲಿ ಆರಂಭವಾದ ‘ಟೂರ್ ಆಫ್ ನೀಲಗಿರೀಸ್’ನಂಥ ಯಾನಗಳಲ್ಲಿ ಸವಾರರ ಹಿಂದೆ ನೆರವಿನ ವಾಹನಗಳಿರುತ್ತವೆ. ಸ್ವಾವಲಂಬಿ ಯಾನದಲ್ಲಿ ಆ ಅನುಕೂಲವಿಲ್ಲ. ಕೆನಡಾದಿಂದ ಮೆಕ್ಸಿಕೊ ಗಡಿಯವರೆಗೆ ನಡೆಯುವ ‘ಟೂರ್ ಡಿವೈಡ್’ ಸ್ಪರ್ಧೆಯಲ್ಲಿ, ಎಲ್ಲರಿಗೂ ತೆರೆದಿರುವ ಅಂಗಡಿ, ಹೋಟೆಲುಗಳನ್ನು ಬಳಸಬಹುದೇ ಹೊರತು ಸ್ವಂತಕ್ಕೆಂದು ಏರ್ಪಡಿಸಿಕೊಂಡ ಸಹಾಯ ಪಡೆಯುವಂತಿಲ್ಲ.

ಕರ್ನಾಟಕದ ಕಾಡುಗಳಲ್ಲೇ ಇಂಥ ಯಾನ ಏಕಾಗದು ಎಂಬ ಪ್ರಶ್ನೆ ಸಹಜ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಭಯಾರಣ್ಯ ಹಾಗೂ ರಾಷ್ಟ್ರೀಯ ಉದ್ಯಾನಗಳಿಗೆ ಅನುಮತಿಯಿಲ್ಲದೆ ಪ್ರವೇಶಿಸುವಂತಿಲ್ಲ. ಆನೆ, ಹುಲಿಗಳ ನೆಲೆಯಲ್ಲಿ ಸೈಕಲ್ ಸವಾರಿ ಪ್ರಾಣಾಪಾಯಕರವೂ ಹೌದು. ಆದ್ದರಿಂದ ದೀರ್ಘ ಯಾನ ಬಯಸುವವರ ಕಣ್ಣು ಸಹಜವಾಗಿಯೇ ಲಾಹೌಲ್, ಸ್ಪಿತಿ, ಲಡಾಖ್‌ಗಳತ್ತ ಹೊರಳುತ್ತದೆ.

ಅವುಗಳಲ್ಲಿ ಮನಾಲಿ-ಲೇಹ್ ಮಾರ್ಗವೇ ಹೆಚ್ಚು ಪರಿಚಿತ. ಹಳೆಯ ರೋಹ್ತಾಂಗ್ ದಾರಿಯಲ್ಲಿ ಇದರ ಉದ್ದ ಸುಮಾರು 475 ಕಿ.ಮೀ. ಇದರಲ್ಲಿ ದಾರ್ಚಾದಿಂದ ರುಮ್ತ್ಸೆವರೆಗಿನ ಸುಮಾರು 250 ಕಿ.ಮೀ. ಉದ್ದಕ್ಕೂ ವರ್ಷವಿಡೀ ಜನವಸತಿಯಿರುವ ಪೇಟೆಯೊಂದೂ ಇಲ್ಲ. ಬೇಸಿಗೆಯ ಕೆಲ ತಿಂಗಳು ಹಾಕುವ ಗುಡಾರ ಹೋಟೆಲುಗಳು ಮತ್ತು ಸೇನಾ ಶಿಬಿರಗಳಷ್ಟೇ ಕಾಣಸಿಗುತ್ತವೆ.

ಊರಿನಲ್ಲೇ ಎರಡು ದಿನದ ಪರೀಕ್ಷೆ

ತಾಲೀಮಿಗೆ ದೂರ ಹೋಗಬೇಕಿಲ್ಲ. ಪಿಲ್ಲಗುಂಪೆಯಿಂದ ಕೈವಾರ, ಚಿಂತಾಮಣಿ, ಚಿಕ್ಕಬಳ್ಳಾಪುರ ಮಾರ್ಗವಾಗಿ ನಂದಿಬೆಟ್ಟ ತಲುಪಿ, ದೇವನಹಳ್ಳಿ ಮೂಲಕ ಹಿಂದಿರುಗುವ ಸುತ್ತು ಎರಡು ದಿನಕ್ಕೆ ತಕ್ಕುದಾಗಿದೆ. ಸಾಧ್ಯವಿರುವೆಡೆ ಹೆದ್ದಾರಿ ಬಿಟ್ಟು ಹಳ್ಳಿಗಳ ಮಣ್ಣುದಾರಿ ಹಿಡಿದರೆ ಲಾರಿಗಳ ಕಾಟ ತಪ್ಪುತ್ತದೆ. ಜಾಲಿಮುಳ್ಳು ಪಂಕ್ಚರ್ ಕೆಲಸವನ್ನೂ ಕಲಿಸುತ್ತದೆ.

ಷರತ್ತುಗಳು ಎರಡು. ಹಿಮಾಲಯಕ್ಕೆ ಒಯ್ಯಲಿರುವ ಪೂರ್ಣ ಹೊರೆ ಸೈಕಲ್ ಮೇಲಿರಬೇಕು. ಹೊರಟಲ್ಲಿಂದ ಮರಳುವವರೆಗೆ ಕೊಂಡ, ಎರವಲು ಪಡೆದ ಪ್ರತಿಯೊಂದು ವಸ್ತುವನ್ನೂ ಬರೆದಿಡಬೇಕು. ಎರಡನೆಯ ದಿನದ ಸಂಜೆ ಆ ಪಟ್ಟಿಯೇ ಸಿದ್ಧತೆಯ ಕೊರತೆಗಳನ್ನು ತೋರಿಸುತ್ತದೆ. ಚೀಲದಿಂದ ಒಮ್ಮೆಯೂ ಹೊರಬಾರದ ವಸ್ತುಗಳತ್ತಲೂ ಗಮನ ಹರಿಸಬೇಕು. ಔಷಧ, ಮಳೆ ಅಂಗಿ, ರಿಪೇರಿ ಸಾಮಗ್ರಿಗಳನ್ನು ಹೊರತುಪಡಿಸಿ ಉಳಿದವನ್ನು ಮನೆಯಲ್ಲೇ ಬಿಡುವುದು ಲೇಸು.

1,478 ಮೀಟರ್ ಎತ್ತರದ ನಂದಿಬೆಟ್ಟದ ಏರಿನಲ್ಲಿ ಹೊರೆಸಹಿತ ಸವಾರಿ ಮಾಡಿದಾಗ ಗೇರುಗಳು ಸಾಕಷ್ಟು ಹಗುರವಾಗಿವೆಯೇ ಎಂಬುದು ತಿಳಿಯುತ್ತದೆ. ಇಳಿಯುವಾಗ ಬ್ರೇಕುಗಳ ಶಕ್ತಿ, ಚೀಲಗಳ ಬಿಗುವು ಬಯಲಾಗುತ್ತವೆ. ಕ್ಯಾರಿಯರ್ ಬೋಲ್ಟುಗಳು ಸಡಿಲವಾಗುವುದು ಒರಟು ರಸ್ತೆಗಳಲ್ಲಿ ಸಾಮಾನ್ಯ. ಪ್ರತಿದಿನ ಬೆಳಿಗ್ಗೆ ಅವನ್ನು ಬಿಗಿಗೊಳಿಸುವ ಅಭ್ಯಾಸ ಇಲ್ಲಿಂದಲೇ ಆರಂಭವಾಗಬೇಕು.

ಇದರ ಮುಂದಿನ ಮೆಟ್ಟಿಲಾಗಿ ಬೆಂಗಳೂರಿನಿಂದ ನಡೆಯುವ ‘ಬ್ರೆವೆ’ ಸವಾರಿಗಳಿವೆ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 600 ಕಿ.ಮೀ.ಗೆ 40 ಗಂಟೆಗಳ ಕಾಲಮಿತಿ. ತಪಾಸಣಾ ಕೇಂದ್ರಗಳ ಹೊರತು ಬೇರೆಡೆ ಸ್ವಂತ ನೆರವು ತಂಡದ ಸಹಾಯ ಪಡೆಯುವಂತಿಲ್ಲವಾದ್ದರಿಂದ, ದಣಿದ ಸ್ಥಿತಿಯಲ್ಲೂ ತಮ್ಮನ್ನು ತಾವೇ ನಿಭಾಯಿಸಿಕೊಳ್ಳುವ ರೂಢಿಯಾಗುತ್ತದೆ.

ಚೀಲದಲ್ಲಿ ಏನಿರಬೇಕು?

ಎರಡು ಹೆಚ್ಚುವರಿ ಟ್ಯೂಬು, ಪ್ಯಾಚ್, ಪಂಪು, ಚೈನು ಜೋಡಿಸುವ ಕೊಂಡಿಗಳು, ಚೈನು ಕತ್ತರಿಸುವ ಉಪಕರಣ, ಬ್ರೇಕ್ ಪ್ಯಾಡ್, ಗೇರ್ ಕೇಬಲ್, ಸರಿಯಳತೆಯ ಸ್ಪೋಕ್ ಕಡ್ಡಿಗಳು ಅಗತ್ಯ. ಹಲವರು ಮರೆಯುವ ವಸ್ತು ಹ್ಯಾಂಗರ್. ಹಿಂದಿನ ಗೇರ್ ಬದಲಿಸುವ ಸಾಧನವನ್ನು ಚೌಕಟ್ಟಿಗೆ ಹಿಡಿದಿಡುವ ಈ ಪುಟ್ಟ ಲೋಹದ ತುಂಡು ಸೈಕಲ್ ಬಿದ್ದಾಗ ಮೊದಲು ಬಾಗುತ್ತದೆ. ಮಾದರಿಯಿಂದ ಮಾದರಿಗೆ ಇದರ ಆಕಾರ ಬೇರೆಯಾದ ಕಾರಣ ದಾರಿಯಲ್ಲಿ ಸಿಗುವ ಸಂಭವ ತೀರಾ ಕಡಿಮೆ. ಇವೆಲ್ಲವನ್ನೂ ಕತ್ತಲಲ್ಲಿ, ಹಣೆದೀಪದ ಬೆಳಕಿನಲ್ಲಿ ಜೋಡಿಸಲು ಬಂದಾಗಲೇ ಸಿದ್ಧತೆ ಪೂರ್ಣವಾದಂತೆ.

ಆಹಾರದ ವಿಷಯದಲ್ಲಿ ಬಯಲುಸೀಮೆಯ ಅಡುಗೆಮನೆಯೇ ನೆರವಿಗೆ ಬರುತ್ತದೆ. 4,500 ಮೀಟರ್ ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಅಕ್ಕಿ, ಬೇಳೆ ಸರಿಯಾಗಿ ಬೇಯುವುದಿಲ್ಲ. ರಾಗಿ ಹುರಿಹಿಟ್ಟು, ಅವಲಕ್ಕಿ, ಬೆಲ್ಲ, ಕಡಲೆಬೀಜಗಳಿಗೆ ಬೇಯಿಸುವ ಅಗತ್ಯವೇ ಇಲ್ಲ. ಪಾಂಗ್ ಸಮೀಪದ ಮೋರೆ ಮೈದಾನದಂಥ ಬಯಲುಗಳಲ್ಲಿ ನೀರು ವಿರಳವಾದ್ದರಿಂದ ನಾಲ್ಕೈದು ಲೀಟರ್ ಹೊರುವ ವ್ಯವಸ್ಥೆ ಬೇಕು. ಹಿಮ ಕರಗಿ ಮಧ್ಯಾಹ್ನದ ಹೊತ್ತಿಗೆ ಹಳ್ಳಗಳು ಉಕ್ಕುತ್ತವೆ. ಅವನ್ನು ಬೆಳಿಗ್ಗೆಯೇ ದಾಟುವುದು ಜಾಣತನ.

ವಿದೇಶಿ ಕೈಪಿಡಿಗಳ ಎಲ್ಲ ಸಲಹೆಗಳೂ ಇಲ್ಲಿಗೆ ಹೊಂದುವುದಿಲ್ಲ. ಅಪಾಯದ ಕರೆ ಕಳುಹಿಸುವ ಉಪಗ್ರಹ ಸಂದೇಶ ಸಾಧನವನ್ನು ಅವು ಶಿಫಾರಸು ಮಾಡುತ್ತವೆ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅಂಥ ಸಾಧನ ಅಥವಾ ಉಪಗ್ರಹ ಫೋನ್ ಬಳಸುವಂತಿಲ್ಲ. ಅನುಮತಿಯಿಲ್ಲದೆ ತಂದ ಪ್ರವಾಸಿಗರು ಬಂಧನಕ್ಕೊಳಗಾದ ಪ್ರಕರಣಗಳಿವೆ. ಆದ್ದರಿಂದ ಪ್ರತಿದಿನದ ತಂಗುದಾಣ, ತಡವಾದರೆ ಎಷ್ಟು ಗಂಟೆ ಕಾಯಬೇಕು, ನಂತರ ಯಾರಿಗೆ ತಿಳಿಸಬೇಕು ಎಂಬ ವಿವರವನ್ನು ಬರಹದಲ್ಲಿ ಮನೆಯವರಿಗೆ ಕೊಟ್ಟಿರಬೇಕು.

ಇಲ್ಲಿ ಕಲಿಯಲಾಗದ ಪಾಠ

ಎತ್ತರಕ್ಕೆ ದೇಹ ಹೊಂದಿಕೊಳ್ಳುವುದನ್ನು ಮಾತ್ರ ಹೊಸಕೋಟೆಯಲ್ಲಾಗಲೀ ನಂದಿಬೆಟ್ಟದಲ್ಲಾಗಲೀ ಅಭ್ಯಾಸ ಮಾಡಲಾಗದು. 5,000 ಮೀಟರ್ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧದಷ್ಟಿರುತ್ತದೆ. ಗಟ್ಟಿಮುಟ್ಟಾದ ಮೈಕಟ್ಟು ಎತ್ತರದ ಕಾಯಿಲೆಯಿಂದ ರಕ್ಷಣೆ ನೀಡುವುದಿಲ್ಲ. ಬಲಶಾಲಿ ಸವಾರ ಬೇಗ ಏರಿ ಬೇಗ ತೊಂದರೆಗೆ ಸಿಲುಕುವ ಸಾಧ್ಯತೆಯೇ ಹೆಚ್ಚು.

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಇರಬೇಕು ಎಂಬುದು ವೈದ್ಯಕೀಯ ಮಾರ್ಗಸೂಚಿ. ದಾರ್ಚಾ ಇರುವುದು ಸುಮಾರು 3,360 ಮೀಟರ್ ಎತ್ತರದಲ್ಲಿ, ಸರ್ಚು ಸುಮಾರು 4,290 ಮೀಟರ್‌ನಲ್ಲಿ. ಒಂದೇ ದಿನದಲ್ಲಿ ಇವೆರಡರ ಅಂತರ ಕ್ರಮಿಸುವವರು ಆ ಮಿತಿಯನ್ನು ಸರಿಸುಮಾರು ದುಪ್ಪಟ್ಟು ಮೀರುತ್ತಾರೆ. ಕೇಲಾಂಗ್ ಅಥವಾ ಜಿಸ್ಪಾದಲ್ಲಿ ಹೆಚ್ಚುವರಿ ರಾತ್ರಿಗಳನ್ನು ಕಳೆದು, ನಡುವೆಯೂ ತಂಗುತ್ತ ಸಾಗುವ ಯೋಜನೆ ಸುರಕ್ಷಿತ. ರಜೆ ಕಡಿಮೆಯಿದ್ದಲ್ಲಿ ಕಡಿತಗೊಳಿಸಬೇಕಾದದ್ದು ದೂರವನ್ನೇ ಹೊರತು ಈ ವಿಶ್ರಾಂತಿಯ ದಿನಗಳನ್ನಲ್ಲ.

ತಲೆನೋವು, ವಾಕರಿಕೆ, ನಿದ್ರಾಹೀನತೆ ಕಂಡರೆ ಮೇಲೇರುವುದನ್ನು ನಿಲ್ಲಿಸಬೇಕು. ಕುಳಿತಲ್ಲೇ ಏದುಸಿರು ಬರುವುದು, ನೇರ ಗೆರೆಯ ಮೇಲೆ ನಡೆಯಲಾಗದೆ ತೂರಾಡುವುದು, ಮಾತು ತಡವರಿಸುವುದು ಪ್ರಾಣಾಂತಿಕ ಸ್ಥಿತಿಯ ಸೂಚನೆಗಳು. ರಾತ್ರಿಯಾದರೂ ಸರಿ, ಸಿಕ್ಕ ವಾಹನದಲ್ಲಿ ತಕ್ಷಣ ಕೆಳಗಿಳಿಯಬೇಕು. ಅಸೆಟಜೋಲಮೈಡ್ ಮಾತ್ರೆ ಬೇಕೇ ಎಂಬುದನ್ನು ಹೊರಡುವ ಮೊದಲೇ ವೈದ್ಯರಲ್ಲಿ ವಿಚಾರಿಸಬೇಕು.

ಸ್ವಾವಲಂಬನೆಯ ಹಟ ಅಲ್ಲಿಗೆ ಮುಗಿಯಬೇಕು. ತುಂಡಾದ ಚೈನನ್ನು ಪಿಲ್ಲಗುಂಪೆಯ ತಾಲೀಮು ಸರಿಪಡಿಸೀತು, ಉಬ್ಬಸ ಹಿಡಿದ ಶ್ವಾಸಕೋಶವನ್ನಲ್ಲ. ಯಾವ ಲಕ್ಷಣ ಕಂಡರೆ ಹಿಂದಿರುಗಬೇಕೆಂಬುದನ್ನು ಮನೆಯಲ್ಲೇ, ತಂಪಾದ ತಲೆಯಿಂದ ನಿರ್ಧರಿಸಿ ಬರೆದಿಟ್ಟುಕೊಂಡ ಹಾಳೆಯೇ ಚೀಲದಲ್ಲಿರುವ ಅತ್ಯಂತ ಹಗುರವಾದ, ಅತ್ಯಂತ ಅವಶ್ಯವಾದ ಸಾಮಗ್ರಿ.