ತುಟಿಯ ಗುಳ್ಳೆ ಮತ್ತೆ ಅಲ್ಲೇ ಏಕೆ?



ಬೂದಿಗೆರೆ ಸುತ್ತಿನ ಶಾಲೆಯೊಂದಕ್ಕೆ ಹೋಗಿದ್ದಾಗ ಒಬ್ಬ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಕುಳಿತಿದ್ದಳು. ಜ್ವರ ಬಂದುಹೋದ ಮೇಲೆ ಅವಳ ತುಟಿಯಂಚಿನಲ್ಲಿ ದ್ರಾಕ್ಷಿ ಗೊಂಚಲಿನಂತೆ ನೀರುಗುಳ್ಳೆಗಳು ಎದ್ದಿದ್ದವು. "ಉಷ್ಣ ಆಗಿದೆ ಮೇಡಂ" ಎಂದರು ಕೆಲವರು. "ಜೇಡ ಹರಿದಿದೆ" ಎಂದರು ಇನ್ನು ಕೆಲವರು. ಅವಳು ಮಾತ್ರ ಒಳ್ಳೆಯ ಪ್ರಶ್ನೆ ಕೇಳಿದಳು: "ಹೋದ ವರ್ಷವೂ ಇಲ್ಲೇ ಎದ್ದಿತ್ತು. ಮತ್ತೆ ಇದೇ ಜಾಗದಲ್ಲಿ ಏಕೆ?"

ಇದಕ್ಕೆ ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್.

ಎರಡು ವಿಧಗಳು

ಒಂದನೇ ವಿಧ ಹೆಚ್ಚಾಗಿ ತುಟಿ, ಬಾಯಿಯ ಸುತ್ತ ಗುಳ್ಳೆ ತರುತ್ತದೆ. ಬಹುಮಂದಿಗೆ ಇದು ಬಾಲ್ಯದಲ್ಲೇ ಎಂಜಲು ಅಥವಾ ಮುತ್ತಿನ ಮೂಲಕ ತಗಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಜಗತ್ತಿನಲ್ಲಿ 50 ವರ್ಷದೊಳಗಿನ ಪ್ರತಿ ಮೂವರಲ್ಲಿ ಸುಮಾರು ಇಬ್ಬರಲ್ಲಿ ಈ ವೈರಸ್ ಇದೆ. ಹಲವರಿಗೆ ಗುಳ್ಳೆಯೇ ಏಳುವುದಿಲ್ಲ. ಎರಡನೇ ವಿಧ ಮುಖ್ಯವಾಗಿ ದೊಡ್ಡವರಲ್ಲಿ ಲೈಂಗಿಕ ಸಂಪರ್ಕದಿಂದ ಹರಡಿ ಜನನಾಂಗದ ಬಳಿ ಗುಳ್ಳೆ ತರುತ್ತದೆ.

ಅಡಗುವುದೆಲ್ಲಿ?

ರಾಗಿ ಹೊಲದ ಕೊನ್ನಾರಿ ಕಳೆಯನ್ನು ನೋಡಿದ್ದೀರಲ್ಲವೇ? ಮೇಲಿನ ಹುಲ್ಲು ಕಿತ್ತರೂ ಗೆಡ್ಡೆ ಮಣ್ಣಿನಲ್ಲೇ ಉಳಿದು, ಮಳೆ ಬಿದ್ದೊಡನೆ ಚಿಗುರುತ್ತದೆ. ಈ ವೈರಸ್ ಕೂಡ ಹಾಗೆಯೇ. ಗುಳ್ಳೆ ಒಣಗಿದರೂ ಅದು ತಲೆಬುರುಡೆಯೊಳಗೆ, ಕಿವಿಯ ಸಮೀಪದ ನರಕೋಶಗಳಲ್ಲಿ ಮಲಗಿರುತ್ತದೆ. ಜ್ವರ, ಬಿರುಬಿಸಿಲು, ಆಯಾಸ ಅದನ್ನು ಎಬ್ಬಿಸುತ್ತವೆ. ಆಗ ಅದು ಬಂದ ನರದ ದಾರಿಯಲ್ಲೇ ಮರಳುತ್ತದೆ. ಆದ್ದರಿಂದಲೇ ಗುಳ್ಳೆ ಹಳೆಯ ಜಾಗದಲ್ಲೇ ಏಳುತ್ತದೆ!

ಸರ್ಪಸುತ್ತು ಬೇರೆ

ಸರ್ಪಸುತ್ತು ತರುವುದು ಇದೇ ಕುಟುಂಬದ ಇನ್ನೊಂದು ವೈರಸ್. ಸೀತಾಳೆ ಸಿಡುಬು ತರುವುದೂ ಅದೇ. ಅದೂ ನರದಲ್ಲಿ ಅಡಗುತ್ತದೆ. ಒಂದು ನರ ದೇಹದ ಒಂದೇ ಪಕ್ಕಕ್ಕೆ ಹೋಗುವುದರಿಂದ ಗುಳ್ಳೆಗಳೂ ಸಾಮಾನ್ಯವಾಗಿ ಒಂದೇ ಪಕ್ಕ ಏಳುತ್ತವೆ. "ಹಾವು ಪೂರ್ತಿ ಸುತ್ತಿದರೆ ಸಾವು" ಎಂಬುದು ಬರೀ ಭಯ.

ಔಷಧ

ತುಟಿಯ ಗುಳ್ಳೆ ಹೆಚ್ಚಾಗಿ 7ರಿಂದ 10 ದಿನಗಳಲ್ಲಿ ತಾನೇ ವಾಸಿಯಾಗುತ್ತದೆ. ಅಗತ್ಯವಿದ್ದರೆ ವೈದ್ಯರು ಎಸೈಕ್ಲೋವಿರ್ ಕೊಡುತ್ತಾರೆ. ಇದರ ಸಂಶೋಧನೆಯಲ್ಲಿ ಪಾಲ್ಗೊಂಡ ಗರ್ಟ್ರೂಡ್ ಎಲಿಯನ್ 1988ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಆದರೆ ಮಲಗಿರುವ ವೈರಸ್ಸನ್ನು ಪೂರ್ತಿ ಹೊರಹಾಕುವ ಔಷಧ ಇನ್ನೂ ಸಿಕ್ಕಿಲ್ಲ.

ನೆನಪಿಡಿ

* ಗುಳ್ಳೆ ಚಿವುಟಬೇಡಿ. ಮುಟ್ಟಿದರೆ ಸೋಪಿನಿಂದ ಕೈ ತೊಳೆಯಿರಿ.
* ಆ ಕೈಯಿಂದ ಕಣ್ಣು ಉಜ್ಜಬೇಡಿ. ಕಣ್ಣಿಗೆ ತಗಲಿದರೆ ದೃಷ್ಟಿಗೇ ಅಪಾಯ. ಕಣ್ಣು ಕೆಂಪಾಗಿ ನೋವಾದರೆ ಕೂಡಲೇ ವೈದ್ಯರಿಗೆ ತೋರಿಸಿ.
* ಗುಳ್ಳೆ ಇರುವಾಗ ಲೋಟ, ಟವೆಲ್ ಹಂಚಿಕೊಳ್ಳಬೇಡಿ. ಎಳೆಗೂಸಿಗೆ ಮುತ್ತು ಕೊಡಲೇಬೇಡಿ. ಅದಕ್ಕೆ ಈ ಸೋಂಕು ಪ್ರಾಣಾಪಾಯ ತರಬಹುದು.
* ಗುಳ್ಳೆ ಎದ್ದ ಗೆಳತಿಯನ್ನು ದೂರ ಕೂರಿಸಬೇಡಿ. ತಪ್ಪು ಅವಳದಲ್ಲ.