ಬಯೋಮ್

ಬಯೋಮ್ ಅಥವಾ ಜೀವವಲಯ ಎಂದರೆ ಒಂದೇ ಬಗೆಯ ಹವಾಗುಣಕ್ಕೆ ಹೊಂದಿಕೊಂಡ ಸಸ್ಯವರ್ಗವನ್ನೂ ಅದನ್ನು ಅವಲಂಬಿಸಿದ ಪ್ರಾಣಿವರ್ಗವನ್ನೂ ಒಳಗೊಂಡ ವಿಶಾಲವಾದ ಜೈವಿಕ ಘಟಕ. ಉಷ್ಣವಲಯದ ಮಳೆಕಾಡು, ಸವನ್ನಾ, ಮರುಭೂಮಿ, ಸಮಶೀತೋಷ್ಣ ಹುಲ್ಲುಗಾವಲು, ಟೈಗಾ ಮತ್ತು ಟಂಡ್ರಾ ಪ್ರಮುಖ ಭೂ ಬಯೋಮ್‌ಗಳು. ಪರಿಸರ ವಿಜ್ಞಾನದಲ್ಲಿ ಇದು ಪರಿಸರ ವ್ಯವಸ್ಥೆಗಿಂತ ದೊಡ್ಡದಾದ, ಜೀವಗೋಳಕ್ಕಿಂತ ಚಿಕ್ಕದಾದ ಹಂತವಾಗಿದೆ. ಒಂದು ನಿರ್ದಿಷ್ಟ ಕಾಡು ಪರಿಸರ ವ್ಯವಸ್ಥೆಯಾದರೆ, ಬೇರೆ ಬೇರೆ ಖಂಡಗಳಲ್ಲಿರುವ ಅದೇ ಬಗೆಯ ಕಾಡುಗಳೆಲ್ಲ ಸೇರಿ ಒಂದು ಬಯೋಮ್ ಆಗುತ್ತವೆ.

ಪರಿಕಲ್ಪನೆಯ ಬೆಳವಣಿಗೆ

ಜರ್ಮನಿಯ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ 1802ರಲ್ಲಿ ಈಕ್ವೆಡಾರಿನ ಚಿಂಬೊರಾಜೊ ಪರ್ವತವನ್ನು ಏರಿ, ಎತ್ತರಕ್ಕೆ ತಕ್ಕಂತೆ ಸಸ್ಯವರ್ಗವು ಪಟ್ಟಿಪಟ್ಟಿಯಾಗಿ ಬದಲಾಗುವುದನ್ನು ದಾಖಲಿಸಿದನು. 'ಬಯೋಮ್' ಎಂಬ ಪದವನ್ನು ಅಮೆರಿಕದ ಸಸ್ಯವಿಜ್ಞಾನಿ ಫ್ರೆಡರಿಕ್ ಕ್ಲೆಮೆಂಟ್ಸ್ 1916ರಲ್ಲಿ ಬಳಕೆಗೆ ತಂದರು. 1939ರಲ್ಲಿ ಅವರು ವಿಕ್ಟರ್ ಶೆಲ್ಫರ್ಡ್ ಅವರೊಂದಿಗೆ ಬರೆದ ಗ್ರಂಥವು ಸಸ್ಯ ಮತ್ತು ಪ್ರಾಣಿಗಳನ್ನು ಒಟ್ಟಾಗಿ ಪರಿಗಣಿಸುವ ಕ್ರಮವನ್ನು ಬಲಪಡಿಸಿತು. ಬಳಿಕ ರಾಬರ್ಟ್ ವಿಟೇಕರ್, ವಾರ್ಷಿಕ ಸರಾಸರಿ ಉಷ್ಣಾಂಶ ಮತ್ತು ಮಳೆಯ ಪ್ರಮಾಣವನ್ನು ಅಕ್ಷಗಳನ್ನಾಗಿಸಿ ಬಯೋಮ್‌ಗಳನ್ನು ಒಂದೇ ನಕ್ಷೆಯಲ್ಲಿ ಗುರುತಿಸಿದರು. 2001ರಲ್ಲಿ ಪ್ರಕಟವಾದ ಮತ್ತೊಂದು ವರ್ಗೀಕರಣವು ಭೂಭಾಗವನ್ನು 14 ಬಯೋಮ್‌ಗಳಾಗಿಯೂ 867 ಪರಿಸರ ಪ್ರದೇಶಗಳಾಗಿಯೂ ವಿಂಗಡಿಸಿದೆ.

ಅಧ್ಯಯನದಲ್ಲಿ ಪಾತ್ರ

ಬಯೋಮ್‌ಗಳನ್ನು ಪ್ರಭೇದಗಳಿಂದಲ್ಲ, ಸಸ್ಯಗಳ ರೂಪದಿಂದ ಗುರುತಿಸಲಾಗುತ್ತದೆ. ಅಮೆರಿಕದ ಪಾಪಾಸುಕಳ್ಳಿಗಳಿಗೂ ಆಫ್ರಿಕಾದ ಯುಫೋರ್ಬಿಯಾಗಳಿಗೂ ಹತ್ತಿರದ ಸಂಬಂಧವಿಲ್ಲ. ಆದರೂ ಒಣ ಪ್ರದೇಶಗಳಲ್ಲಿ ಎರಡೂ ನೀರು ಶೇಖರಿಸುವ ದಪ್ಪ ಕಾಂಡವನ್ನು ಪಡೆದಿವೆ. ಹೀಗೆ ದೂರದ ಖಂಡಗಳನ್ನು ಹೋಲಿಸಿ, ಹವಾಗುಣವು ಜೀವಿಗಳನ್ನು ಹೇಗೆ ರೂಪಿಸುತ್ತದೆ ಎಂಬುದನ್ನು ಪರೀಕ್ಷಿಸಲು ಈ ಪರಿಕಲ್ಪನೆ ನೆರವಾಗುತ್ತದೆ. ಇಂಗಾಲದ ಸಂಗ್ರಹ ಮತ್ತು ಹವಾಮಾನ ಬದಲಾವಣೆಯ ಪರಿಣಾಮಗಳನ್ನು ಅಂದಾಜಿಸುವಾಗಲೂ ಇದು ಮೂಲ ಘಟಕವಾಗಿದೆ.

ಹವಾಗುಣದ ಆಚೆಗಿನ ಅಂಶಗಳು

ಮಳೆ ಮತ್ತು ಉಷ್ಣಾಂಶಗಳಷ್ಟೇ ಬಯೋಮನ್ನು ನಿರ್ಧರಿಸುವುದಿಲ್ಲ. ಮಧ್ಯಮ ಪ್ರಮಾಣದ ಮಳೆ ಬೀಳುವ ಉಷ್ಣವಲಯದಲ್ಲಿ ಕಾಡು ಅಥವಾ ಸವನ್ನಾ, ಎರಡರಲ್ಲಿ ಯಾವುದಾದರೂ ನೆಲೆಯೂರಬಹುದು. ಬೇಸಿಗೆಯಲ್ಲಿ ಒಣಗಿದ ಹುಲ್ಲಿಗೆ ಬೆಂಕಿ ತಗುಲಿದಾಗ ಎಳೆಯ ಮರಗಳು ಸುಡುತ್ತವೆ. ಹುಲ್ಲು ಮಾತ್ರ ಬುಡದಿಂದ ಮತ್ತೆ ಚಿಗುರುತ್ತದೆ. ಮರಗಳು ದಟ್ಟವಾಗಿ ಬೆಳೆದರೆ ನೆರಳನ್ನು ಸಹಿಸದ ಹುಲ್ಲು ನಶಿಸುತ್ತದೆ. ಮೇಯುವ ಪ್ರಾಣಿಗಳು ಮತ್ತು ಮಣ್ಣಿನ ಗುಣವೂ ಈ ಸಮತೋಲನದ ಮೇಲೆ ಪ್ರಭಾವ ಬೀರುತ್ತವೆ. ಆದ್ದರಿಂದ ಮರಗಳು ವಿರಳವಾಗಿರುವ ಪ್ರದೇಶಗಳೆಲ್ಲವೂ ನಾಶವಾದ ಕಾಡುಗಳಲ್ಲ.

ಕರ್ನಾಟಕದ ಉದಾಹರಣೆ

ಪಶ್ಚಿಮ ಘಟ್ಟದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಅಲ್ಲಿಂದ 200 ಕಿ.ಮೀ. ದೂರದೊಳಗಿರುವ ಚಳ್ಳಕೆರೆಯಲ್ಲಿ ಸುಮಾರು 500 ಮಿ.ಮೀ. ಮಾತ್ರ. ಹೀಗಾಗಿ ಘಟ್ಟದ ನಿತ್ಯಹರಿದ್ವರ್ಣ ಕಾಡು ಪೂರ್ವದ ಬಯಲುಸೀಮೆಯಲ್ಲಿ ಹುಲ್ಲುಗಾವಲು ಮತ್ತು ಕುರುಚಲಿಗೆ ಎಡೆಮಾಡಿಕೊಡುತ್ತದೆ.

ಭಾರತದಲ್ಲಿ ಇಂತಹ ಬಯಲುಗಳನ್ನು ಬಹುಕಾಲ ಪಾಳುಭೂಮಿಗಳೆಂದು ಪರಿಗಣಿಸಿ, ಅಲ್ಲಿ ಮರಗಳನ್ನು ನೆಡಲಾಯಿತು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಬಹುಭಾಗದಲ್ಲಿ ನೀಲಗಿರಿ ನೆಡುತೋಪುಗಳಿವೆ. ಆದರೆ ಕೃಷ್ಣಮೃಗವು ಶತ್ರುವನ್ನು ದೂರದಿಂದಲೇ ಕಂಡು ವೇಗವಾಗಿ ಓಡಿ ಪಾರಾಗುವ, ತೆರೆದ ಬಯಲಿನ ಪ್ರಾಣಿ. ನೆಲದ ಮೇಲೆ ಮೊಟ್ಟೆಯಿಡುವ ಎರ್ಲಡ್ಡು ಹಕ್ಕಿಗೂ ಬಯಲೇ ಆವಾಸ. ಹುಲ್ಲುಗಾವಲು ತನ್ನ ಇಂಗಾಲದ ಹೆಚ್ಚಿನ ಪಾಲನ್ನು ಬೇರು ಮತ್ತು ಮಣ್ಣಿನಲ್ಲಿ ಇರಿಸಿಕೊಳ್ಳುವುದರಿಂದ, ನೆಲದ ಮೇಲೆ ಕಾಣುವ ಹಸಿರಿನಿಂದ ಮಾತ್ರ ಅದರ ಮೌಲ್ಯವನ್ನು ಅಳೆಯಲಾಗದು. ಒಂದು ಪ್ರದೇಶದ ಬಯೋಮನ್ನು ಸರಿಯಾಗಿ ಗುರುತಿಸುವುದು ಅಲ್ಲಿನ ಸಂರಕ್ಷಣಾ ಕಾರ್ಯದ ಮೊದಲ ಹಂತವಾಗಿದೆ.