ಚಂಡಮಾರುತ ‘ವೀಕನ್’ ಆಯ್ತು ಅಂದ್ರೆ ಮಳೆ ನಿಂತಂತೆಯೇ? ಈ ಪದದ ಅರ್ಥ ಇಲ್ಲಿದೆ

ಬಂಗಾಳ ಕೊಲ್ಲಿಯ ಚಂಡಮಾರುತದ ಸುದ್ದಿಗಳಲ್ಲಿ ‘ವೀಕನ್’ ಎಂಬ ಇಂಗ್ಲಿಷ್ ಕ್ರಿಯಾಪದ ಪದೇ ಪದೇ ಬರುತ್ತದೆ. ಶಕ್ತಿ ಕುಂದುವುದು, ದುರ್ಬಲಗೊಳ್ಳುವುದು ಎಂದರ್ಥ. ಆದರೆ ಹವಾಮಾನ ಇಲಾಖೆ ಹೀಗೆನ್ನುವುದು ಗಾಳಿಯ ವೇಗ ನೋಡಿ, ಮಳೆ ನೋಡಿ ಅಲ್ಲ. ಗಾಳಿ ಗಂಟೆಗೆ 62 ಕಿ.ಮೀ.ಗಿಂತ ಕಡಿಮೆಯಾದರೆ ಚಂಡಮಾರುತ ‘ತೀವ್ರ ವಾಯುಭಾರ ಕುಸಿತ’ವಾಗುತ್ತದೆ. 51ಕ್ಕಿಂತ ಕೆಳಗಿಳಿದರೆ ಬರೀ ‘ವಾಯುಭಾರ ಕುಸಿತ’.

2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುದ್‌ಹುದ್ ಕೂಡ ಭೂಮಿಯ ಮೇಲೆ ಸಾಗುತ್ತಾ ಹೀಗೆಯೇ ದುರ್ಬಲಗೊಂಡಿತು. ಆದರೂ ಎರಡೇ ದಿನದಲ್ಲಿ ಅದರ ಪ್ರಭಾವದಿಂದ ನೇಪಾಳದಲ್ಲಿ ಭಾರಿ ಹಿಮಪಾತವಾಗಿ ಚಾರಣಿಗರು ಪ್ರಾಣ ಕಳೆದುಕೊಂಡರು. 2024ರ ಸೆಪ್ಟೆಂಬರ್ ಆರಂಭದಲ್ಲಿ ವಿಜಯವಾಡವನ್ನು ಮುಳುಗಿಸಿದ ಮಳೆ ತಂದದ್ದಂತೂ ಚಂಡಮಾರುತವೇ ಅಲ್ಲ, ಬರೀ ವಾಯುಭಾರ ಕುಸಿತ! ಹಾಗಾಗಿ ‘ದುರ್ಬಲಗೊಂಡಿದೆ’ ಎಂದ ದಿನವೂ ಮಳೆಯ ಅಲರ್ಟ್ ಯಾವ ಬಣ್ಣದ್ದು ಎಂದು ಬೇರೆಯಾಗಿಯೇ ನೋಡಿಕೊಳ್ಳಬೇಕು.